ಚೆನ್ನಾಗಿ ಬಿಸಿಯಾಗುವ ಸರ್ವರ್ ಬೇಕು

ಕಂಪ್ಯೂಟರ್ ಕೊಳ್ಳುವವರೆಲ್ಲ ತಣ್ಣಗಿರುವುದನ್ನೇ ಹುಡುಕುತ್ತಾರೆ. ನಾನು ಬಿಸಿಯಾಗುವುದನ್ನು ಹುಡುಕಿಕೊಂಡು ಹೋದವಳು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹಾಗೆ. ಕೊಯಮತ್ತೂರಿನ ಅಂಗಡಿಯವನು ಇವತ್ತಿಗೂ ನನ್ನ ಫೋನ್ ಬಂದರೆ ನಗುತ್ತಲೇ ಎತ್ತುತ್ತಾನೆ. ನಗಲಿ ಬಿಡಿ, ಅವನ ಬಾಯಿ ಅವನದು.

ಮೊದಲಿಗೆ ನನ್ನ ಯೋಜನೆಯೂ ನಾಲ್ಕು ಜನರ ಹಾಗೆ ನೆಟ್ಟಗೇ ಇತ್ತು. ಮಸಿನಗುಡಿ, ಮಾವನಹಳ್ಳದ ಕಡೆಯ ಕಾಡಿನ ಲಾಡ್ಜುಗಳ ಕಂಪ್ಯೂಟರ್‌ಗಳನ್ನು ಊಟಿಯ ಹತ್ತಿರದ ಎಮರಾಲ್ಡ್ ಎಂಬ ಊರಿನ ನಮ್ಮ ಮನೆಯಲ್ಲಿ ಕೂತೇ ನೋಡಿಕೊಳ್ಳುವುದು ನನ್ನ ಕೆಲಸ. ರೂಮು ಬುಕ್ ಮಾಡುವ ಪ್ರೋಗ್ರಾಮು ಒಂದು, ಬಿಲ್ಲಿನದು ಒಂದು, ಗೇಟಿನ ಕ್ಯಾಮೆರಾದ್ದು ಇನ್ನೊಂದು. ಹೊಸದೇನಾದರೂ ಬಂದರೆ ಅದನ್ನು ನೇರವಾಗಿ ಅಲ್ಲಿ ಹಾಕುವ ಹಾಗಿಲ್ಲ. ಹಾಕಿ, ಅದು ಕೈಕೊಟ್ಟರೆ, ಆನೆ ನೋಡಲು ಬಂದವರು ಕೌಂಟರಿನಲ್ಲಿ ನಿಂತು ನನ್ನ ವಂಶವನ್ನೆಲ್ಲ ಜಾಲಾಡುತ್ತಾರೆ. ಮೊದಲು ಮನೆಯಲ್ಲಿ ಹಾಕಿ ನೋಡಬೇಕು. ಅದಕ್ಕೆ ಐದಾರು ಕಂಪ್ಯೂಟರ್ ಬೇಕು, ಅಷ್ಟನ್ನು ಇಡಲು ಅರಮನೆ ಬೇಕು. ಅದಕ್ಕೇ ಒಂದು ಉಪಾಯವಿದೆ: ಒಂದು ಗಟ್ಟಿ ಯಂತ್ರ ತಂದು, ಅದರೊಳಗೇ ಐದಾರು ಕಂಪ್ಯೂಟರ್‌ಗಳು ಒಂದರ ಸುದ್ದಿಗೆ ಒಂದು ಹೋಗದೆ ಬದುಕುವಂತೆ ಮಾಡುವುದು. ವರ್ಚುವಲೈಸೇಷನ್ ಅಂತ ಅದಕ್ಕೆ ಬಾಯಿ ತುಂಬುವ ಹೆಸರು.

ಊಟದ ಡಬ್ಬಿಯಷ್ಟು ಪುಟ್ಟ ಯಂತ್ರವೊಂದನ್ನು ನೋಡಿಟ್ಟಿದ್ದೆ. ಸದ್ದಿಲ್ಲ, ಬಿಸಿಯಿಲ್ಲ, ಕರೆಂಟನ್ನು ಗುಬ್ಬಚ್ಚಿ ನೀರು ಕುಡಿದ ಹಾಗೆ ಕುಡಿಯುತ್ತದೆ. ಮೆಮೊರಿ ಎಷ್ಟು, ಡಿಸ್ಕ್ ಯಾವುದು, ಎಲ್ಲ ತೀರ್ಮಾನವಾಗಿ ಗುಂಡಿ ಒತ್ತುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಅತ್ತೆಗೆ ಕೆಮ್ಮು ಜೋರಾಗಿ ಊಟಿಯ ಡಾಕ್ಟರ ಹತ್ತಿರ ಹೋಗಬೇಕಾಯಿತು.

ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು, ಇನ್ನು ಮುಂದೆ ಸೌದೆ ಒಲೆಯ ಹತ್ತಿರ ಸುಳಿಯಬಾರದು ಅಂದರು. ಹೊಗೆ ಕೂಡದು, ಚಳಿಯೂ ಕೂಡದು. "ಬೆಚ್ಚಗಿಟ್ಟುಕೊಳ್ಳೋಕೆ ಆದ್ರೆ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಹಿಮ ಬೀಳೋ ತಿಂಗಳುಗಳಲ್ಲಿ ಕೆಳಗೆ ಕಳಿಸಿಬಿಡಿ."

ಕೆಳಗೆ ಅಂದರೆ ಮೇಟ್ಟುಪಾಳಯದಲ್ಲಿರುವ ಅವರ ಮಗಳ ಮನೆ. ನಾದಿನಿ ಒಳ್ಳೆಯವಳೇ, ಮನೆಯೂ ದೊಡ್ಡದೇ. ಆದರೆ ಅತ್ತೆ ಹುಟ್ಟಿದ್ದು ಈ ಬೆಟ್ಟದಲ್ಲಿ, ಮದುವೆಯಾಗಿ ಬಂದದ್ದು ಇದೇ ಬೆಟ್ಟದ ಇನ್ನೊಂದು ಮಗ್ಗುಲಿಗೆ. ಕೆಳಗಿನ ಸೆಕೆಯಲ್ಲಿ ಅವರಿಗೆ ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಒಂದ್ಸಲ ಇಳಿದ್ರೆ ಮತ್ತೆ ಹತ್ತಿಸಲ್ಲ ನನ್ನ, ಗೊತ್ತು ನಂಗೆ." ಅವರು ಹೋಗುವುದು ನನಗೆ ಬೇಕಿರಲಿಲ್ಲ. ತವರು ಗೂಡಲೂರಿನ ಬಿಸಿಲಿಂದ ಬಂದು ಇಲ್ಲಿ ಹಲ್ಲು ಕಟಕಟ ಅನ್ನಿಸುತ್ತಿದ್ದ ನನ್ನನ್ನು ಒಲೆಯ ಪಕ್ಕ ಕೂರಿಸಿ ಮನುಷ್ಯಳನ್ನಾಗಿ ಮಾಡಿದವರು ಅವರೇ. ಆದರೆ ಇದನ್ನು ಅವರೆದುರು ಹೇಳಿದರೆ ಅವರಿಗೆ ಕೊಂಬು ಬರುತ್ತದೆ, ಆದ್ದರಿಂದ ಹೇಳಿಲ್ಲ.

ಹೀಟರ್ ತಂದರಾಯಿತು ಅನ್ನುತ್ತೀರಿ. ತಂದೆವು. ಅತ್ತೆ ಅದರ ಕೆಂಪು ಸರಳುಗಳನ್ನು ನೋಡಿ, "ಇದರ ಮೇಲೆ ಏನು ಇಡ್ತೀರಿ?" ಅಂದರು. ಏನೂ ಇಡುವುದಿಲ್ಲ, ಸುಮ್ಮನೆ ಕಾಯಿಸಿಕೊಳ್ಳುವುದು ಅಂದೆ. ಅವರು ಎದ್ದು ಹೋಗಿ ಸ್ವಿಚ್ ಆರಿಸಿದರು.

ಅವರ ತವರಿನಲ್ಲಿ ಒಂದು ರೂಢಿ. ಒಲೆಯ ಮೇಲೆ ಪಾತ್ರೆ ಇಲ್ಲದೆ ಬೆಂಕಿ ಉರಿಯಬಾರದು. ಪಾತ್ರೆ ಇಟ್ಟು ಹಚ್ಚಬೇಕು, ಇಳಿಸುವಾಗ ಕೊಳ್ಳಿ ಹಿಂದಕ್ಕೆ ಎಳೆಯಬೇಕು. ಚಳಿ ಕಾಯಿಸಿಕೊಳ್ಳಬೇಕೆಂದರೆ ಪಾತ್ರೆ ಬೇಯುವಾಗ ಬಂದು ಪಕ್ಕದಲ್ಲಿ ಕೂರಬೇಕು, ಬೇಡ ಅನ್ನುವವರಿಲ್ಲ. ಬರೀ ಮೈ ಕಾಯಿಸಲು ಬೆಂಕಿ ಹಾಕುವುದು ಮನೆಗೆ ಒಳ್ಳೆಯದಲ್ಲ. ಕರ್ಪೂರದ ಮರ ಅಂತ ಇಲ್ಲಿ ಕರೆಯುವ ನೀಲಗಿರಿ ಮರದ ಸೌದೆಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದ ಕಾಲದ ಬುದ್ಧಿ ಅದು, ಕರೆಂಟಿಗೂ ಅನ್ವಯಿಸಿಬಿಟ್ಟರು. ನನ್ನ ಗಂಡ ಇಲ್ಲಿನ ಅಣೆಕಟ್ಟಿನ ವಿದ್ಯುತ್ ಮನೆಯಲ್ಲೇ ಕೆಲಸ ಮಾಡುವವರು. "ಅಮ್ಮಾ, ಆ ಅಣೆಕಟ್ಟಿನ ನೀರೆಲ್ಲ ಕರೆಂಟಾಗ್ತಾ ಇದೆ, ನೀನೊಬ್ಬಳು ಕಾಯಿಸಿಕೊಂಡ್ರೆ ಬತ್ತಿಹೋಗಲ್ಲ" ಅಂದರು. ಊಹೂಂ. ಒಲೆ ಆರಿತು, ಹೀಟರ್ ಅಟ್ಟ ಸೇರಿತು, ಅತ್ತೆ ಕಂಬಳಿ ಹೊದ್ದು ತಣ್ಣನೆಯ ಅಡುಗೆಮನೆಯ ಬೆಂಚಿನ ಮೇಲೆ ಕೂತರು. ಅವರ ಕೈ ಮುಟ್ಟಿದರೆ ಬೆಳಗಿನ ನಲ್ಲಿ ಮುಟ್ಟಿದ ಹಾಗಿರುತ್ತಿತ್ತು. ಬಾಗಿಲ ಹಿಂದೆ ನಾದಿನಿ ಕಳಿಸಿದ ಹೊಸ ಬ್ಯಾಗು ಬಂದು ಕೂತಿತ್ತು.

ಆ ದಿನಗಳಲ್ಲೇ ನಾನು ಯಂತ್ರಗಳ ವಿಮರ್ಶೆ ಓದುತ್ತಿದ್ದಾಗ ಒಬ್ಬ ಪುಣ್ಯಾತ್ಮ ಹಳೆಯ ಸರ್ವರೊಂದನ್ನು ಬೈದು ಬರೆದದ್ದು ಕಣ್ಣಿಗೆ ಬಿತ್ತು. ಆಫೀಸುಗಳಲ್ಲಿ ದುಡಿದು ನಿವೃತ್ತಿಯಾದ ಯಂತ್ರ, ಒಳಗೆ ಎರಡೆರಡು ಪ್ರೊಸೆಸರು. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಕೋಣೆಯನ್ನೆಲ್ಲ ಕಾಯಿಸಿಬಿಡುತ್ತದೆ, ಮನೆಯಲ್ಲಿ ಕೂರಲಾಗುತ್ತಿಲ್ಲ, ಯಾರೂ ಕೊಳ್ಳಬೇಡಿ ಅಂತ ಅವನ ಗೋಳು. ನಾನು ಆ ಸಾಲನ್ನು ಮತ್ತೆ ಓದಿದೆ. ಆಮೇಲೆ ಊಟದ ಡಬ್ಬಿಯ ಯೋಜನೆಯನ್ನು ಅಳಿಸಿ ಕೊಯಮತ್ತೂರಿಗೆ ಫೋನ್ ಮಾಡಿದೆ.

ಅಂಗಡಿಯವನ ಕನ್ನಡ ಅರ್ಧ ತಮಿಳು. "ಹಳೇದು ಇದೆ ಅಕ್ಕಾ, ಆದ್ರೆ ಸೂಡು ಜಾಸ್ತಿ."

"ಬಿಸಿ ಎಷ್ಟು ಜಾಸ್ತಿ?"

"ಪರವಾಯಿಲ್ಲ ಅಕ್ಕಾ, ಎಕ್ಸ್‌ಟ್ರಾ ಕೂಲಿಂಗ್ ಹಾಕಿ ಕೊಡ್ತೀನಿ."

"ಕೂಲಿಂಗ್ ಬೇಡ. ಇದಕ್ಕಿಂತ ಬಿಸಿಯಾಗೋದು ಬೇರೆ ಯಾವುದಾದ್ರೂ ಇದೆಯಾ?"

ಅವನು ಮೆಲ್ಲಗೆ, "ಅಕ್ಕಾ, ಕಾವು ಕೊಟ್ಟು ಕೋಳಿ ಮರಿ ಮಾಡ್ತೀರಾ?" ಅಂದ.

ಅವನನ್ನು ಬೈದು ಮುಗಿಸಿ ಭಾಗಗಳನ್ನು ಆರಿಸಲು ಕೂತೆ. ಚಪ್ಪಟೆ ಪೆಟ್ಟಿಗೆಯ ಸರ್ವರ್‌ಗಳು ಅಗ್ಗವೇ, ಆದರೆ ಅವುಗಳ ಪುಟ್ಟ ಫ್ಯಾನುಗಳು ಟೀ ಫ್ಯಾಕ್ಟರಿಯ ಹಾಗೆ ಕಿರುಚುತ್ತವೆ. ತಂದಿದ್ದರೆ ಅತ್ತೆ ಅದನ್ನು ಕಿಟಕಿಯಿಂದ ಎಸೆಯುತ್ತಿದ್ದರು. ಅದಕ್ಕೆ ನಿಂತಿರುವ ಪೆಟ್ಟಿಗೆ, ದೊಡ್ಡ ಫ್ಯಾನು, ನಿಧಾನದ ಉಸಿರು. ಗಾಳಿ ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಬರಬೇಕು. ಹಿಂದುಗಡೆ ಅಂದರೆ ನನ್ನ ಲೆಕ್ಕದಲ್ಲಿ ಬೆಂಚಿನ ಕಡೆ. ಮೆಮೊರಿಯಲ್ಲಿ ಜಿಪುಣತನ ಮಾಡಲಿಲ್ಲ, ಐದಾರು ಕಂಪ್ಯೂಟರು ಒಂದೇ ಹೊಟ್ಟೆಯಲ್ಲಿರುವಾಗ ಮೊದಲು ಹಸಿಯುವುದೇ ಅದು. ಡಿಸ್ಕು ಎರಡು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವ ಹಾಗೆ. ಗಾಳಿ ಬೀಸಿದರೆ ತಂತಿಯ ಮೇಲೆ ಮರ ಬೀಳುವ ಊರು ನಮ್ಮದು, ಹಾಗಾಗಿ ಒಂದು ದಪ್ಪ ಬ್ಯಾಟರಿಯೂ ಬಂತು. ಪ್ರೊಸೆಸರು ಮಾತ್ರ ಆ ಪುಣ್ಯಾತ್ಮ ಬೈದದ್ದೇ. ಅದರ ಬಗ್ಗೆ ಎಷ್ಟು ಕೆಟ್ಟದಾಗಿ ಬರೆದಿದ್ದರೋ ನನಗೆ ಅಷ್ಟು ಇಷ್ಟವಾಗುತ್ತಾ ಹೋಯಿತು.

ಯಂತ್ರ ಬಂದಾಗ ಅದನ್ನು ಹಳೆಯ ಒಲೆಯಿದ್ದ ಜಾಗದಲ್ಲೇ, ಮಸಿ ತೊಳೆದು ಸುಣ್ಣ ಹೊಡೆದ ಕಟ್ಟೆಯ ಮೇಲೆ ಇಟ್ಟೆವು. ಅತ್ತೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಇದೇನು ಕೂಸೇ?"

"ನನ್ನ ಕೆಲಸದ್ದು ಅತ್ತೆ. ಒಲೆ ಇದ್ದ ಹಾಗೇ ಅಂದ್ಕೊಳ್ಳಿ. ಒಲೆ ಒಂದೇ, ಪಾತ್ರೆ ಐದು. ಒಂದರಲ್ಲಿ ರೂಮಿನ ಬುಕಿಂಗು, ಒಂದರಲ್ಲಿ ಬಿಲ್ಲು. ಒಂದು ಪಾತ್ರೆ ಉಕ್ಕಿದ್ರೂ ಇನ್ನೊಂದಕ್ಕೆ ತಾಗಲ್ಲ."

"ಬೇಯ್ತಾ ಇದೆಯಾ ಈಗ?"

"ಬೇಯ್ತಾ ಇದೆ."

ಅವರು ಅದರ ಬೆನ್ನಿಗೆ ಅಂಗೈ ಹಿಡಿದರು. ಆಮೇಲೆ ಬೆಂಚನ್ನು ಒಂದು ಗೇಣು ಹತ್ತಿರ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ಕೂತು ಅವರೆಕಾಯಿ ಸುಲಿಯತೊಡಗಿದರು. ನನ್ನ ಗಂಡ ಬಾಗಿಲಲ್ಲಿ ನಿಂತು ಹುಬ್ಬು ಹಾರಿಸಿದರು. ನಾನು ಗೆದ್ದೆ ಅಂದುಕೊಂಡೆ.

ಎಲ್ಲಿಯ ಗೆಲುವು. ಆ ಯಂತ್ರ ಕೆಲಸ ಕೊಟ್ಟರೆ ಮಾತ್ರ ಬಿಸಿಯಾಗುತ್ತದೆ, ನನ್ನ ಕೆಲಸವೋ ಹಗಲಿನದು. ಚಳಿ ಕೊರೆಯುವುದು ಬೆಳಿಗ್ಗೆ, ಹೊಲದ ಕ್ಯಾರೆಟ್ ಸೊಪ್ಪಿನ ಮೇಲೆ ಹಿಮ ಉಪ್ಪಿನ ಹಾಗೆ ಕೂತಿರುವಾಗ. ಅಷ್ಟು ಹೊತ್ತಿಗೆ ಅತ್ತೆ ಬಂದು ಅಂಗೈ ಹಿಡಿದರೆ, ಬರೀ ಉಗುರುಬೆಚ್ಚಗೆ.

"ಇಳಿಸಿಟ್ಟಿದ್ದೀಯಾ?" ಅಂದರು.

"ಈಗಿನ್ನೂ ಕೆಲಸ ಬಂದಿಲ್ಲ ಅತ್ತೆ."

"ಸರಿ ಹಾಗಾದ್ರೆ." ಬೆಂಚನ್ನು ಹಿಂದಕ್ಕೆ ತಳ್ಳಿ ಕಂಬಳಿ ಎಳೆದುಕೊಂಡರು. ಆ ವಾರ ಕೆಮ್ಮು ಮತ್ತೆ ಹತ್ತಿತು. ನಾದಿನಿ ಫೋನ್ ಮಾಡಿ, ಇನ್ನು ಕಾಯುವುದಿಲ್ಲ, ಭಾನುವಾರ ಕಾರು ತಗೊಂಡು ನಾನೇ ಬರುತ್ತೇನೆ ಅಂದಳು. ಅತ್ತೆ ಬ್ಯಾಗಿಗೆ ತಮ್ಮ ಎರಡು ಸೀರೆ ಹಾಕಿದ್ದನ್ನು ನಾನು ನೋಡಿದೆ.

"ಏನೋ ಒಂದು ಓಡಿಸು, ಅಮ್ಮನಿಗೇನು ಗೊತ್ತಾಗುತ್ತೆ" ಅಂದರು ನನ್ನ ಗಂಡ. ಅಂಥ ಪ್ರೋಗ್ರಾಮುಗಳಿವೆ, ಯಂತ್ರದ ತಾಕತ್ತು ಪರೀಕ್ಷಿಸಲು ಉದ್ದೇಶವೇ ಇಲ್ಲದ ಲೆಕ್ಕ ಹಾಕಿಸುತ್ತಲೇ ಇರುತ್ತವೆ. ಮರುದಿನ ಬೆಳಿಗ್ಗೆ ಒಂದನ್ನು ಹಚ್ಚಿಟ್ಟೆ. ಅಡುಗೆಮನೆ ಹದವಾಗಿ ಬೆಚ್ಚಗಾಯಿತು. ಅತ್ತೆ ಬಂದರು, ಕೈ ಹಿಡಿದರು, ಮುಖ ಅರಳಿತು. ನನಗೂ ಸಮಾಧಾನವಾಯಿತು.

"ಏನು ಬೇಯ್ತಾ ಇದೆ ಇವತ್ತು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಹಾಗೆ ಮುಖ ಎತ್ತಿ ಕೇಳಿದರೆ ನನ್ನ ಕೈಲಿ ಆಗುವುದಿಲ್ಲ. "ಬರೀ ನೀರು ಅತ್ತೆ" ಅಂದೆ.

"ಬರೀ ನೀರಾ? ಕುದ್ದಿದ್ರೆ ಸಾಕು, ಇಳಿಸು."

ಇಳಿಸಿದೆ. ಈ ಹೆಂಗಸಿನ ಹಠವನ್ನು ಬೈದುಕೊಳ್ಳುತ್ತಾ ಅಂಗಳದಲ್ಲಿ ಹೋಗಿ ನಿಂತೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಅಂಗಳದಲ್ಲಿ ನಿಂತು ಕಾಲು ಮರಗಟ್ಟಿದಾಗ ಹೊಳೆಯಿತು: ನನ್ನ ಹತ್ತಿರ ಪಾತ್ರೆ ಇಲ್ಲ ಅಂದರೆ ಲೋಕದಲ್ಲಿ ಪಾತ್ರೆಗೆ ಬರವೇ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ರೋಗಗಳಿಗೆ ಔಷಧಿ ಹುಡುಕುವ ವಿಜ್ಞಾನಿಗಳು ತಮ್ಮ ಭಾರೀ ಲೆಕ್ಕವನ್ನು ತುಣುಕು ತುಣುಕು ಮಾಡಿ, ಯಾರ ಮನೆಯಲ್ಲಿ ಕಂಪ್ಯೂಟರ್ ಬಿಡುವಾಗಿದೆಯೋ ಅವರಿಗೆ ಕಳಿಸುತ್ತಾರೆ. ಒಂದು ತುಣುಕು ಮುಗಿದರೆ ಇನ್ನೊಂದು ಬರುತ್ತದೆ. ಓದಿ ಗೊತ್ತಿತ್ತು, ನಮ್ಮ ಒಲೆಗೆ ಹೊಂದಿಸಿ ನೋಡಿರಲಿಲ್ಲ ಅಷ್ಟೇ. ಒಳಗೆ ಬಂದು ಆರನೆಯ ಪಾತ್ರೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಫ್ಯಾನುಗಳು ಉಸಿರೆಳೆದುಕೊಂಡವು. ಅತ್ತೆ ತಿರುಗಿ ನೋಡಿದರು. "ಮತ್ತೆ ನೀರಾ?"

"ಅಲ್ಲ. ಇದು ನಮ್ಮನೆ ಪಾತ್ರೆಯಲ್ಲ. ಔಷಧಿ ಕಂಡುಹಿಡಿಯೋರದು. ಅವರ ಒಲೆ ಸಾಲದೆ ಊರೂರಿಗೆ ಕಳಿಸ್ತಾರೆ, ಬೇಯಿಸಿ ಕೊಡಿ ಅಂತ."

"ಯಾವ ಕಾಯಿಲೇದು?"

"ಎಲ್ಲಾ ತರದ್ದೂ ಬರುತ್ತೆ."

"ಎಷ್ಟು ಹೊತ್ತಿಗೆ ಬೇಯುತ್ತೆ?"

"ಬೇಯ್ತಾನೇ ಇರುತ್ತೆ ಅತ್ತೆ. ಸದ್ಯಕ್ಕೆ ಮುಗಿಯೋದಲ್ಲ."

ಅತ್ತೆಯ ಬೆಂಚು ಮತ್ತೆ ಮುಂದಕ್ಕೆ ಬಂತು. ಅಂದಿನಿಂದ ಆ ಯಂತ್ರಕ್ಕೆ ಅವರೇ ಯಜಮಾನಿ. ಮೇಲೆ ಒಣಗಲು ಹಾಕಿದ ನನ್ನ ಕಾಲುಚೀಲ ತೆಗೆಸಿದರು, ಧೂಳು ಒರೆಸಿದರು, ಕರೆಂಟು ಹೋದರೆ ಬ್ಯಾಟರಿ ಕೂಗುವ ಮೊದಲೇ ನನ್ನನ್ನು ಕೂಗಿದರು. ಕರೆಂಟ್ ಬಿಲ್ಲು ನೋಡಿ ನನ್ನ ಗಂಡ ಬಾಯಿ ತೆರೆದಾಗ, "ರೋಗಿಗಳ ಗಂಜಿಗೆ ಲೆಕ್ಕ ಹಾಕ್ತೀಯೇನೋ" ಅಂದರು.

ಭಾನುವಾರ ನಾದಿನಿ ಬಂದಳು. ಹಿಂದಿನ ರಾತ್ರಿ ಕಟುವಾದ ಹಿಮ ಬಿದ್ದಿತ್ತು, ಕಾರಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಮೂಗು ಕೆಂಪಾಗಿತ್ತು. ಬಾಗಿಲ ಹಿಂದಿನ ಬ್ಯಾಗನ್ನು ಎತ್ತಿಕೊಂಡೇ ಒಳಗೆ ಬಂದಳು.

"ಹೊರಡಮ್ಮಾ. ಈ ಸಲ ನಿನ್ನ ಯಾವ ನೆಪಾನೂ ಕೇಳಲ್ಲ."

ಅತ್ತೆ ಬೆಂಚಿನಿಂದ ಏಳಲಿಲ್ಲ. "ಬರಕ್ಕಾಗಲ್ಲ. ಒಲೆ ಮೇಲೆ ಪಾತ್ರೆ ಇದೆ."

ನಾದಿನಿ ಒಲೆ ಇದ್ದ ಜಾಗ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಮ್ಮನಿಗೆ ಅರಳುಮರಳು ಅಂದುಕೊಂಡಳೋ ಏನೋ.

"ನಮ್ಮದಾಗಿದ್ರೆ ಇಳಿಸಿ ಬರ್ತಿದ್ದೆ" ಅಂದರು ಅತ್ತೆ. "ಯಾರದೋ ರೋಗಿಯ ಮನೇದು. ಅರ್ಧ ಬೆಂದಿರೋದನ್ನ ಬಿಟ್ಟು ಹೇಗೆ ಬರ್ಲಿ?"

"ಅಮ್ಮಾ, ಏನು ಮಾತಾಡ್ತಾ ಇದ್ದೀಯ ನೀನು? ಏಳು ಮೇಲೆ."

ಎಬ್ಬಿಸಲು ಅವಳು ಅಮ್ಮನ ಕೈ ಹಿಡಿದಳು. ಹಿಡಿದವಳು ಎಳೆಯಲಿಲ್ಲ. ಆ ಕೈಯನ್ನು ತಿರುಗಿಸಿ ನೋಡಿದಳು, ಇನ್ನೊಂದು ಕೈಯನ್ನೂ ಹಿಡಿದಳು, ಬೆಚ್ಚಗಿದ್ದ ಎರಡನ್ನೂ ತನ್ನ ತಣ್ಣನೆಯ ಕೆನ್ನೆಗೆ ಒತ್ತಿಕೊಂಡಳು. ನಾದಿನಿ ಬ್ಯಾಗನ್ನು ಕೆಳಗಿಟ್ಟಳು.

"ಸ್ವಲ್ಪ ಆ ಕಡೆ ಸರಿಯಮ್ಮಾ" ಅಂದಳು. ಅತ್ತೆ ಸರಿದು ಜಾಗ ಕೊಟ್ಟರು.