ಮಗ್ಗದ ಸಪ್ಪಳದಲ್ಲಿ ಬರೆದ ಎಡಿಟರ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಒಂದು ಸಿಟ್ಟನ್ನು ಮಾತ್ರ ನಾನು ಇವತ್ತಿಗೂ ಬಿಟ್ಟಿಲ್ಲ.

ನನ್ನ ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬೀಳಗಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾಳೆ. ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು ಅವಳಿಗೆಂದೇ ಕನ್ನಡ ಟೈಪ್ ಮಾಡುವ ಒಂದು ಸಣ್ಣ ಪ್ರೋಗ್ರಾಮ್, ಒಂದು ಎಡಿಟರ್, ಬರೆದುಕೊಟ್ಟಿದ್ದೆ. ಅವಳು ಟೈಪ್ ಮಾಡಿದ್ದನ್ನು ಕಂಪ್ಯೂಟರಿನ ಸ್ಕ್ರೀನ್ ರೀಡರ್ ಗಟ್ಟಿಯಾಗಿ ಓದುತ್ತಿತ್ತು. ಒಂದು ಕೀಲಿ ಒತ್ತಿದರೆ ಮುಂದಿನ ಪ್ರಶ್ನೆಗೆ ಹಾರುತ್ತಿತ್ತು. ಪರೀಕ್ಷೆ ಬಂತೆಂದರೆ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತು ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದಳು. ಪರೀಕ್ಷೆಯವರೆಗೆ ಗುಟ್ಟಾಗಿರಬೇಕಾದ ಅದು ಇನ್ನೊಬ್ಬರಿಂದ ಓದಿಸಿ ಕೇಳುವ ಕಾಗದವಲ್ಲ.

ಶಾಲೆಗೆ ಹೊಸ ಕಂಪ್ಯೂಟರ್ ಬಂದವು. ಒಳಗೆ ಬೇರೆಯೇ ಆಪರೇಟಿಂಗ್ ಸಿಸ್ಟಮ್. ನನ್ನ ಎಡಿಟರ್ ಅಲ್ಲಿ ಏಳಲೇ ಇಲ್ಲ. ಅಲ್ಲಿ ಬೇರೆ ಎಡಿಟರ್ ಇದ್ದವು ನಿಜ, ಆದರೆ ಅಕ್ಕನ ಬೆರಳು ಕಲಿತದ್ದು ನನ್ನ ಎಡಿಟರಿನ ಕೀಲಿಗಳನ್ನು. ಬನಹಟ್ಟಿಯ ನನ್ನ ಗೆಳೆಯನಿಗೆ ಆ ಸಿಸ್ಟಮ್ ನೀರು ಕುಡಿದಷ್ಟು ಸಲೀಸು. ಹೊಸದಾಗಿ ಬರೆಯುವ ಕೆಲಸ ಅವನು ಹೊತ್ತುಕೊಂಡ.

ಪರದೆಯ ಮೇಲೆ ಅಕ್ಷರ ಮೂಡಿಸಲು ಎರಡು ದಾರಿ. ಟೈಪ್ ಮಾಡಲೆಂದು ಸಿಸ್ಟಮ್ಮಿನ ಬಳಿ ತಯಾರಿರುವ ಪಠ್ಯಪೆಟ್ಟಿಗೆಯನ್ನೇ ಕೇಳಿ ಪಡೆಯಬಹುದು. ಆಗ ಒಳಗೇನು ಬರೆದಿದೆ ಎಂಬುದು ಸಿಸ್ಟಮ್ಮಿಗೆ ಗೊತ್ತಿರುತ್ತದೆ, ಸ್ಕ್ರೀನ್ ರೀಡರಿಗೂ ಹೇಳುತ್ತದೆ. ಇಲ್ಲವೇ ಬರೀ ಖಾಲಿ ಜಾಗ ಪಡೆದು ಪ್ರತಿ ಅಕ್ಷರವನ್ನೂ ನಾವೇ ಚಿತ್ರದಂತೆ ಬಿಡಿಸಬಹುದು. ನೋಡಲು ಚೆಂದ, ಓಟವೂ ಚುರುಕು. ಸ್ಕ್ರೀನ್ ರೀಡರಿಗೆ ಮಾತ್ರ ಅದು ಅಕ್ಷರವೇ ಅಲ್ಲ. ಒಳಗಿರುವುದನ್ನು ಅದಕ್ಕೆ ತಿಳಿಸಲು ಸೇತುವೆಯಂಥ ಇನ್ನೊಂದು ಇಂಟರ್‌ಫೇಸನ್ನು ನಾವೇ ಕಟ್ಟಬೇಕು. ಪೆಟ್ಟಿಗೆಯನ್ನೇ ಬಳಸು ಎಂದು ನಾನು ಫೋನಿನಲ್ಲಿ ಬಡಕೊಂಡೆ. ಅವನು ಎರಡನೆಯ ದಾರಿ ಹಿಡಿದ. ಇನ್ನೊಂದು ಇಂಟರ್‌ಫೇಸಿನ ಮಾತೆತ್ತಿದರೆ, ಅದನ್ನ ಆಮ್ಯಾಲ ಹಾಕೂಣು ಅಂದ. ಯಾರಿಗಾಗಿ ಎಡಿಟರ್ ಬರೆಯುತ್ತೇವೋ ಅವರಿಗೆ ಬೇಕಾದದ್ದೇ ಆಮ್ಯಾಲ!

ಅಷ್ಟರಲ್ಲಿ ಅದನ್ನೂ ಹಾಕಿರುತ್ತಾನೆ ಎಂದುಕೊಂಡು, ಅವನು ಕಳಿಸಿದ ಎಡಿಟರನ್ನು ಬೀಳಗಿಯ ಶಾಲೆಯಲ್ಲಿ ನಾನು ತೆರೆದು ತೋರಿಸಿದಾಗ ಹೆಡ್‌ಮಾಸ್ತರರು ಒತ್ತಕ್ಷರ ನೋಡಿ ನೋಡಿ ಹಿಗ್ಗಿದರು. ಅಕ್ಕ ಕೂತು ಒಂದು ಸಾಲು ಟೈಪ್ ಮಾಡಿದಳು. ಕಿವಿಗೊಟ್ಟಳು. ಇಯರ್‌ಫೋನಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಇನ್ನೊಂದು ಸಾಲು ಬರೆದಳು. ದನಿ ಬರಲಿಲ್ಲ.

"ನಿಮಗ್ಯಾಕ್ರಿ ಅಕ್ಕಾರ ಈ ತ್ರಾಸ? ಯಾರರೆ ಓದಿ ಹೇಳ್ತಾರ. ಇಲ್ಲಾಂದ್ರ ಸೋಮವಾರದಿಂದ ಪೇಪರ್ ತಗಿಯೂದು ಬ್ಯಾರೆಯವರಿಗೆ ಕೊಟ್ಟುಬಿಡೂಣು," ಎಂದರು ಹೆಡ್‌ಮಾಸ್ತರರು, ಭಾರೀ ಉಪಕಾರ ಮಾಡಿದವರಂತೆ.

ಅಕ್ಕ ವೈರನ್ನು ಸುತ್ತಿ ಪರ್ಸಿನಲ್ಲಿಟ್ಟುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಬ್ಬರ ಹಂಗಿಲ್ಲದೆ ಮಾಡಿದ ಕೆಲಸವನ್ನು ಒಂದು ಮಾತಿನಲ್ಲಿ ಕಿತ್ತುಕೊಳ್ಳುವುದೆಂದರೆ ಏನು!

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ಗೆಳೆಯನ ಕೋಣೆಗೆ ಅಂಟಿಕೊಂಡೇ ಅವರ ಮನೆಯ ಪವರ್‌ಲೂಮ್ ಶೆಡ್ಡು. ಆ ಖಟಖಟದಲ್ಲಿ ನನ್ನ ಬೈಗುಳ ನನಗೇ ಕೇಳಿಸಲಿಲ್ಲ. ಆ ಮನೆಯವರು ಚಹಾ ಬೇಕೇ ಎಂದು ಕೇಳುವುದೂ ಕೈಸನ್ನೆಯಲ್ಲಿ. ನಾನು ಅವನ ಲ್ಯಾಪ್‌ಟಾಪ್ ನೋಡಿದೆ: ಸೌಂಡ್ ಬಂದ್ ಆಗಿತ್ತು. ಅದನ್ನು ಯಾವತ್ತೂ ಹಚ್ಚಿರಲೇ ಇಲ್ಲವಂತೆ, ಹಚ್ಚಿದರೂ ಆ ಸಪ್ಪಳದಲ್ಲಿ ಏನು ಕೇಳಬೇಕು. ತಿಂಗಳುಗಟ್ಟಲೆ ಈ ಪುಣ್ಯಾತ್ಮ ತನ್ನ ಎಡಿಟರನ್ನು ಕಣ್ಣಿನಿಂದಲೇ ಪರೀಕ್ಷಿಸಿದ್ದ.

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿತ್ತು. ನಾನು ಸೌಂಡ್ ಹಚ್ಚಿ, ಸ್ಕ್ರೀನ್ ರೀಡರ್ ಶುರು ಮಾಡಿ, ಪರದೆಯ ಬೆಳಕನ್ನು ಪೂರ್ತಿ ತೆಗೆದು ಕಪ್ಪು ಮಾಡಿದೆ.

"ಈಗ ನೀ ಬರಿಲೇ," ಅಂದೆ.

ಬರೆದ. ಕಾದ. ಮತ್ತೆ ಬರೆದ. ಅವನ ಎಡಿಟರ್ ತುಟಿ ಬಿಚ್ಚಲಿಲ್ಲ. ಆಮೇಲೆ ಸಿಸ್ಟಮ್ಮಿನ ಸಾದಾ ಪೆಟ್ಟಿಗೆಯೊಂದನ್ನು ತೆರೆದುಕೊಟ್ಟೆ. ಬರೆದ ಒಂದೊಂದು ಅಕ್ಷರವನ್ನೂ ಅದು ಒದರಿತು. ಅವನು ಕೀಬೋರ್ಡಿನಿಂದ ಕೈ ತೆಗೆದ.

"ನಿನ್ನೆ ಅಕ್ಕಗ ಹಿಂಗ ಆತೇನು?" ಎಂದು ಕೇಳಿದ.

ಹೂಂ ಅಂದೆ. ಹೆಚ್ಚು ಮಾತಾಡಿದ್ದರೆ ಜಗಳವೇ ಆಗುತ್ತಿತ್ತು.

ಕರೆಂಟು ಬಂದ ಮೇಲೆ ಇಬ್ಬರೂ ಕೂತು, ಅವನು ಅಕ್ಷರ ಬಿಡಿಸುತ್ತಿದ್ದ ಭಾಗವನ್ನೆಲ್ಲ ಕಿತ್ತೊಗೆದು ಸಾದಾ ಪೆಟ್ಟಿಗೆ ಹಾಕಿದೆವು. ಒತ್ತಕ್ಷರ ತುಸು ಇಕ್ಕಟ್ಟಾದವು. ಆಗಲಿ. ಸೋಮವಾರದೊಳಗೆ ಹೊಸ ಎಡಿಟರ್ ಬೀಳಗಿ ಮುಟ್ಟಿತು, ಅಕ್ಕ ಅದರಲ್ಲೇ ಪತ್ರಿಕೆ ತೆಗೆದು, ಪ್ರಿಂಟ್ ಹಾಕಿ, ಲಕೋಟೆ ಅಂಟಿಸಿ ಹೆಡ್‌ಮಾಸ್ತರರ ಕೈಗಿಟ್ಟಳು. ನಾನು ಅಲ್ಲೇ ಬಾಗಿಲಲ್ಲಿದ್ದೆ.

ಅವರು ಲಕೋಟೆಯನ್ನು ತಿರುಗಿಸಿ ನೋಡಿ, ಯಾರ ಕಡೆಯಿಂದ ಓದಿಸಿದಿರಿ ಎಂದು ಕೇಳಿದರು. ನನ್ನ ಪಿತ್ತ ಮತ್ತೆ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದಳು:

"ನಾನ ಓದೇನ್ರಿ ಸರ. ಪರೀಕ್ಷಾ ಆಗೂತನಕ ನೀವೂ ಓದಬ್ಯಾಡ್ರಿ."