ಒಂಟಿ ಕಿವಿಯ ನೂಬಾರ್

ನೂಬಾರನನ್ನು ನಾನು ಎಂದೂ ಮೆಚ್ಚಿದವನಲ್ಲ. ಈಗಲೂ ಇಲ್ಲ. ಬೈರೂತಿನ ಪಕ್ಕದ ನಮ್ಮ ಬುರ್ಜ್ ಹಮ್ಮೂದಿನ ಬೀದಿಯಲ್ಲಿ ಮೆಚ್ಚುವಂಥ ಮನುಷ್ಯರು ಬೇಕಾದಷ್ಟು ಇದ್ದಾರೆ. ಅವರ ಬಗ್ಗೆ ಬರೆಯಲು ಕೂತರೆ ಎರಡು ಸಾಲಿಗೆ ಮಾತು ಮುಗಿದುಹೋಗುತ್ತದೆ. ಇವನ ವಿಷಯ ಹಾಗಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಅವನು, ಎರಡನೆಯದರಲ್ಲಿ ಅವನ ಅಣ್ಣ ಕ್ರಿಕೋರ್ ಮತ್ತು ಅತ್ತಿಗೆ ಸಿರ್ಪುಹಿ, ಅವರ ಎದುರುಬಾಗಿಲಲ್ಲಿ ನಾನು. ಬೈಗುಳ ಮೇಲಿಂದ ಇಳಿದರೂ ಕೆಳಗಿಂದ ಹತ್ತಿದರೂ ನನ್ನ ಹೊಸ್ತಿಲು ದಾಟಿಯೇ ಹೋಗಬೇಕು.

ಉಂಗುರಕ್ಕೆ ಹರಳು ಕೂರಿಸುವುದು ಅವನ ಕಸುಬು. ಕೈ ಬಂಗಾರ, ಬಾಯಿ ಬೇವು. ಮದುವೆಯಾಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ನನ್ನ ಜೊತೆ ಇರೋದು ನನಗೇ ಸಾಕಾಗಿದೆ ಉಸ್ತಾದ್, ಇನ್ನೊಬ್ಬಳಿಗೆ ಯಾಕೆ ಆ ಶಿಕ್ಷೆ?" ಎಂದಿದ್ದ. ಅದೊಂದು ಮಾತನ್ನು ಮಾತ್ರ ನಾನು ಒಪ್ಪಿದ್ದೇನೆ. ಮಾರ್ಸೇಲ್ಸಿನಲ್ಲಿರುವ ಅಕ್ಕ ಎಷ್ಟು ಸಲ ಟಿಕೆಟ್ ಕಳಿಸುತ್ತೇನೆಂದರೂ ಹೋಗಲಿಲ್ಲ. "ಯಾವನೋ ಓಡಿಸೋ ವಿಮಾನದಲ್ಲಿ ನಾನು ಕೂರೋನಲ್ಲ" ಎಂದು ಮೂಗು ಮುರಿದ. ಅಸಲಿ ವಿಮಾನದ ಮೆಟ್ಟಿಲು ಅವನು ಇವತ್ತಿಗೂ ಹತ್ತಿಲ್ಲ. ಅವನ ವಿಮಾನವೆಲ್ಲ ಮನೆಯ ಕಂಪ್ಯೂಟರಿನಲ್ಲಿ.

ನಗಬೇಡಿ. ಅಂಥವರದೇ ಒಂದು ಕೂಟವಿದೆ. ಒಬ್ಬ ಮನೆಯಲ್ಲಿ ಕೂತು ಪೈಲಟ್ ಆಗುತ್ತಾನೆ, ಇನ್ನೊಬ್ಬ ತನ್ನ ಮನೆಯಲ್ಲಿ ಕೂತು ನಿಲ್ದಾಣದ ಗೋಪುರದವನಾಗುತ್ತಾನೆ, ಇಂಟರ್‌ನೆಟ್ಟಿನಲ್ಲಿ ಇಬ್ಬರೂ ಮಾತಾಡಿಕೊಂಡು ಇಲ್ಲದ ವಿಮಾನವನ್ನು ಇಲ್ಲದ ನೆಲಕ್ಕೆ ಇಳಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ. ನೂಬಾರನದು 'ಬೈರೂತ್ ಏಳು'. ಅಂಗಡಿಯಲ್ಲಿ ಅವನು ಬೆನ್ನು ಬಾಗಿಸಿ ಕೂತ ಹರಳಿನವನು, ಮನೆಯಲ್ಲಿ ಉಪ್ಪು ಕಮ್ಮಿ ಎಂದು ಗೊಣಗುವ ತಮ್ಮ. ಆ ಕೂಟದಲ್ಲಿ ಮಾತ್ರ ಏಳು ಬಂತೆಂದರೆ ಉಳಿದವರು ದಾರಿ ಬಿಡುತ್ತಿದ್ದರಂತೆ. ಅವನೇ ಹೇಳಿದ್ದು, ಎಷ್ಟು ನಿಜವೋ.

ಎಂಟು ವರ್ಷದ ಹಿಂದೆ ಒಂದು ಸಂಜೆ ಅವನ ತಾಯಿ ಅಡುಗೆಮನೆಯಲ್ಲಿ ಜಾರಿಬಿದ್ದರು. ಕೂಗಿದ್ದು ಎರಡನೇ ಮಹಡಿಗೆ ಕೇಳಿಸಿತು. ಪಕ್ಕದ ಕೋಣೆಯಲ್ಲೇ ಇದ್ದ ಮಗನಿಗೆ ಕೇಳಿಸಲಿಲ್ಲ; ಎರಡೂ ಕಿವಿಗೆ ಹೆಡ್‌ಫೋನ್ ಬಿಗಿದು ವಿಮಾನ ಇಳಿಸುತ್ತಿದ್ದ. ಸಿರ್ಪುಹಿ ಓಡಿಹೋಗಿ ಬಾಗಿಲಲ್ಲಿ ನಿಂತು ಕಿರುಚಿದಳು. ಅವನು ತಿರುಗಿ ನೋಡದೆ ಒಂದು ಕೈ ಮೇಲೆತ್ತಿದ. ಸ್ವಲ್ಪ ತಡೆ ಎಂದು. ವಿಮಾನ ನೆಲಕ್ಕೆ ಮುಟ್ಟಿತು, ನಿಂತಿತು, ಆಮೇಲೆ ತಿರುಗಿದ.

ಸೊಂಟ ಮುರಿದ ಮುದುಕಿ ಮತ್ತೆ ಏಳಲಿಲ್ಲ. ನೂಬಾರ್ ಆವತ್ತೇ ಕಂಪ್ಯೂಟರು, ವಿಮಾನ ತಿರುಗಿಸುವ ಹಿಡಿ, ಹೆಡ್‌ಫೋನು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲೆ ಎಸೆದ. ಕರೆಂಟು ಹೋದರೂ ಕಂಪ್ಯೂಟರು ಆರದಂತೆ ಇಟ್ಟುಕೊಂಡಿದ್ದ ಬ್ಯಾಟರಿ ಪೆಟ್ಟಿಗೆಯನ್ನು ತಾಯಿಯ ಆಮ್ಲಜನಕದ ಯಂತ್ರಕ್ಕೆ ಜೋಡಿಸಿದ. ಏಳು ವರ್ಷ ಅವನು ಗಂಜಿ ಕುಡಿಸಿದ, ಸಿರ್ಪುಹಿ ಹಾಸಿಗೆಯ ಬಟ್ಟೆ ಒಗೆದಳು. ಇಬ್ಬರೂ ಒಂದೇ ಮಂಚದ ಎರಡು ಬದಿಯಲ್ಲಿ ನಿಂತು ಒಬ್ಬರಿಗೊಬ್ಬರು ಹಲ್ಲು ಕಡಿದರು. ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು: "ಕೈ ಎತ್ತಿದೆಯಲ್ಲೋ. ನನಗೆ ಕೈ ಎತ್ತಿ ತೋರಿಸಿದೆಯಲ್ಲೋ."

ಹೋದ ವರ್ಷ ಮುದುಕಿ ತೀರಿಕೊಂಡರು. ಬ್ಯಾಟರಿಯೂ ಅಷ್ಟರಲ್ಲಿ ಸತ್ತಿತ್ತು. ನಲವತ್ತನೇ ದಿನದ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವನು ಕೋಟು ಕೂಡ ಬಿಚ್ಚದೆ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದ.

ಹಳೆಯ ಕಂಪ್ಯೂಟರಿಗೆ ಈಗಿನ ಆಟ ಹಿಡಿಸಲಿಲ್ಲ. ಬಿಡಿಭಾಗ ತಂದು ಹೊಸದನ್ನು ಕಟ್ಟಿದ. ಹಿಡಿಯ ಸ್ಪ್ರಿಂಗು ತುಕ್ಕು ಹಿಡಿದಿದ್ದನ್ನು ಹರಳು ಕೂರಿಸುವ ಚಿಮಟದಲ್ಲಿ ಸರಿಮಾಡಿದ. ಮೊದಲ ದಿನ ನನ್ನನ್ನೂ ಕರೆದು ತೋರಿಸಿದ. ಹಿಂದೆಲ್ಲ ಪರದೆಯ ಮೇಲೆ ಬೆಂಕಿಪೊಟ್ಟಣಗಳಂತಿದ್ದ ಬೈರೂತು ಈಗ ಇದ್ದ ಹಾಗೇ ಕಾಣುತ್ತಿತ್ತು: ಸಮುದ್ರ, ಬಂದರು, ನಮ್ಮ ಬೀದಿಯ ಮಾಳಿಗೆಗಳೂ.

"ತಂತಿ ಎಲ್ಲಿ?" ಎಂದೆ. "ಕರೆಂಟಿನ ತಂತಿಯೇ ಇಲ್ಲದ ಬುರ್ಜ್ ಹಮ್ಮೂದ್ ಯಾವುದಯ್ಯ?"

"ನಿಮ್ಮ ಕಣ್ಣು ಬೀಳೋದು ಇಂಥದರ ಮೇಲೇ" ಎಂದು ಸಿಡುಕಿದ. ಆಮೇಲೆ ವಿಮಾನ ಇಳಿಸಿದ. ಅದು ಮೂರು ಸಲ ಕುಪ್ಪಳಿಸಿ ಹುಲ್ಲಿಗೆ ನುಗ್ಗಿತು. ನಾನು ನಕ್ಕೆ. ಅವನು ಬಾಗಿಲು ತೋರಿಸಿದ.

ಮೇಜು ಇಟ್ಟಿದ್ದ ಜಾಗವನ್ನು ಸಿರ್ಪುಹಿ ನೋಡಿದ್ದು ಮಾರನೆಯ ದಿನ. ಕಿಟಕಿಯ ಪಕ್ಕ, ತಾಯಿಯ ಮಂಚವಿದ್ದ ಜಾಗ. ಅವಳು ಕೆಳಗಿಳಿದು ಅಡುಗೆಮನೆಯ ಕತ್ತರಿ ತಂದಳು. ಹೆಡ್‌ಫೋನಿನ ಎಡಗಿವಿಯನ್ನು ತಂತಿಸಮೇತ ಕತ್ತರಿಸಿ ಅವನ ಕಾಫಿ ಬಟ್ಟಲಿಗೆ ಹಾಕಿದಳು.

"ಆಡ್ಕೋ" ಎಂದಳು. "ಒಂದು ಕಿವಿ ಮನೆಗೆ ಬಿಟ್ಟು ಆಡ್ಕೋ. ಇನ್ನೊಂದ್ ಸಲ ನಾನು ಕೂಗಿದಾಗ ಕೈ ಎತ್ತಿದ್ಯೋ, ಮುಂದಿನ ಸಲ ಕತ್ತರಿಸೋದು ತಂತೀನಲ್ಲ."

ಅವನು ಹೊಸ ಹೆಡ್‌ಫೋನ್ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಅದಕ್ಕೆ ನಾನು ಅರ್ಥ ಹಚ್ಚಲು ಹೋಗುವುದಿಲ್ಲ.

ಆಮೇಲೆ ಶುರುವಾದದ್ದು ಕರೆಂಟಿನ ಯುದ್ಧ. ಸರ್ಕಾರದ ಕರೆಂಟು ಬಂದರೆ ಬಂತು. ಉಳಿದ ಹೊತ್ತೆಲ್ಲ ಬೀದಿಯ ಜನರೇಟರೇ ಗತಿ. ಅಣ್ಣತಮ್ಮಂದಿರ ಎರಡು ಮನೆಗೂ ಸೇರಿ ಐದು ಆಂಪಿಯರಿನ ಒಂದೇ ಎಳೆ. ಹೊಸ ಕಂಪ್ಯೂಟರೊಂದೇ ಎರಡು ಆಂಪಿಯರ್ ನುಂಗುತ್ತಿತ್ತು. ಕೆಳಗೆ ಸಿರ್ಪುಹಿ ಇಸ್ತ್ರಿಪೆಟ್ಟಿಗೆ ಹಚ್ಚಿದಳೆಂದರೆ ಎರಡನೇ ಮಹಡಿಯ ಮೆಟ್ಟಿಲ ಬಳಿಯ ಸ್ವಿಚ್ಚು ಟಕ್ ಎಂದು ಬಿದ್ದು ಎರಡೂ ಮನೆ ಕತ್ತಲು. ಮೇಲೆ ವಿಮಾನ ಸಮುದ್ರದ ಪಾಲು.

"ಅತ್ತಿಗೇ! ಬೇಕಂತಲೇ ಮಾಡ್ತೀಯ!"

"ಹೌದು ಕಣೋ, ಬೇಕಂತಲೇ! ನಿನ್ನಣ್ಣ ಸುಕ್ಕುಬಟ್ಟೆ ಹಾಕ್ಕೊಂಡು ಅಂಗಡಿಗೆ ಹೋಗ್ಲಾ, ನೀನು ಸೈಪ್ರಸ್‌ಗೆ ಹೋಗ್ತೀಯ ಅಂತ?"

ಕ್ರಿಕೋರ್ ಬಾಯಿ ಬಿಡುತ್ತಿರಲಿಲ್ಲ. ದೇವರು ಅವನಿಗೆ ಎರಡು ಕೈ ಕೊಟ್ಟದ್ದು ಒಂದರಲ್ಲಿ ಹೆಂಡತಿಗೆ, ಇನ್ನೊಂದರಲ್ಲಿ ತಮ್ಮನಿಗೆ ಸಮಾಧಾನ ಎಂದು ಸನ್ನೆ ಮಾಡಲಿಕ್ಕೆ. ಉಳಿದ ಹೊತ್ತು ನನ್ನ ಜೊತೆ ತವ್ಲಿ ಎಂಬ ಪಗಡೆಯಂಥ ಆಟ ಆಡುತ್ತಿದ್ದ. ದಾಳ ಹಾಕುವುದರಲ್ಲಿಯೂ ಅಂಜುಬುರುಕ.

ಇಷ್ಟರಲ್ಲಿ ಕೂಟದವರು ನೂಬಾರನ ಸಂಖ್ಯೆಯನ್ನು ಬೇರೆಯವನಿಗೆ ಕೊಟ್ಟಿದ್ದರು. ಈಗಿನ ಬೈರೂತ್ ಏಳು ಜೂನಿಯೆ ಊರಿನ ಹಲ್ಲಿನ ಡಾಕ್ಟರ್ ಘಸ್ಸಾನ್. ವರ್ಷಗಟ್ಟಲೆ ಕಾಣೆಯಾದವರು ವಾಪಸು ಬಂದರೆ ಪರೀಕ್ಷೆ ಎಂಬ ನಿಯಮವಂತೆ. ಸೈಪ್ರಸ್ಸಿನ ಲಾರ್ನಕದಿಂದ ಹೊರಟು ಬೈರೂತಿಗೆ ಇಳಿಯಬೇಕು. ನಡುವೆ ಒಂದು ಕ್ಷಣ ಸಂಪರ್ಕ ತಪ್ಪಿದರೂ ಸೋತಂತೆ. ಸೋತರೆ ಹಳೆಯ ಸಂಖ್ಯೆ ಮತ್ತೆಂದೂ ಸಿಗುವುದಿಲ್ಲ. ಪರೀಕ್ಷೆ ಮಾಡುವವನು ಯಾರು? ಅದೇ ಘಸ್ಸಾನ್, ಗೋಪುರದವನಾಗಿ ಕೂತು.

ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ನೂಬಾರ್ ಮುಂದೂಡಿದ. ಇಸ್ತ್ರಿಪೆಟ್ಟಿಗೆಯ ಭಯ. ಮೂರನೆಯ ಸಲ ಅವರಿಬ್ಬರ ಮಾತು ಸ್ಪೀಕರಿನಲ್ಲಿ ನಡೆಯುತ್ತಿದ್ದಾಗ ಸಿರ್ಪುಹಿ ಒಂದು ಪಾತ್ರೆ ವಾಪಸು ಕೇಳಲು ಮೇಲೆ ಹೋಗಿದ್ದಳು. ನಾನು ಮೆಟ್ಟಿಲಲ್ಲಿದ್ದೆ, ಬಾಗಿಲು ತೆರೆದಿತ್ತು.

"ಏನಪ್ಪಾ ನೂಬಾರ್," ಎನ್ನುತ್ತಿತ್ತು ಹಲ್ಲಿನವನ ದನಿ, "ಆ ನಿಮ್ಮ ಗೂಡುಗಳಲ್ಲಿ ಒಂದು ಗಂಟೆ ನೆಟ್ಟಗೆ ದೀಪ ಉರಿಯೋದಿಲ್ವಾ? ಮನೇಲಿ ಹೆಂಗಸರು ಅಡ್ಡ ಬರ್ತಾರಾ? ಬಿಟ್ಟುಬಿಡು ಮಾರಾಯ. ವಯಸ್ಸಾಯ್ತು."

ನೂಬಾರ್ ಉತ್ತರ ಹುಡುಕುವ ಮೊದಲೇ ಸಿರ್ಪುಹಿ ಮೇಜಿಗೆ ಬಾಗಿ ಕೂಗಿದಳು: "ಯಾರಲೇ ನೀನು, ಹಲ್ಲು ಕೀಳೋನೇ? ಇವನನ್ನ ಬಯ್ಯೋಕೆ ಈ ಮನೇಲಿ ನಾನಿದೀನಿ, ಹೊರಗಿನ ಆಳು ಬೇಕಾಗಿಲ್ಲ. ಶುಕ್ರವಾರ ಸಂಜೆ ಇಟ್ಕೋ ನಿನ್ನ ಪರೀಕ್ಷೆ!" ಆಮೇಲೆ ಮೈದುನನ ಕಡೆ ತಿರುಗಿದಳು. "ಒಂದು ಗಂಟೆ. ಫ್ರಿಜ್ಜೂ ಆಫ್ ಮಾಡಿ ಕೂರ್ತೀನಿ. ನೀನೇನಾದ್ರೂ ಸೋತ್ಯೋ, ಆ ಪೆಟ್ಟಿಗೆ ಬಾಲ್ಕನಿಯಿಂದ ಕೆಳಗೆ ಹಾರುತ್ತೆ. ಅದೇ ಅದರ ಕೊನೇ ಪ್ರಯಾಣ."

ಪಾತ್ರೆ ತೆಗೆದುಕೊಳ್ಳುವುದನ್ನು ಮರೆಯಲಿಲ್ಲ.

ಶುಕ್ರವಾರ ಸಂಜೆ ಕೆಳಗಿನ ಮನೆ ಕತ್ತಲು. ಒಳಗೆ ಸೆಕೆ ತಡೆಯದೆ ಕ್ರಿಕೋರ್ ತವ್ಲಿಯ ಹಲಗೆಯನ್ನು ಮೆಟ್ಟಿಲ ಬಳಿಗೇ ತಂದು ಮೇಣದಬತ್ತಿ ಹಚ್ಚಿದ. ನಮ್ಮ ತಲೆಯ ಮೇಲೆ ಗೋಡೆಯಲ್ಲಿ ಕರೆಂಟಿನ ಹಿಡಿ. ಅದನ್ನು ಎಡಕ್ಕೆ ಎಳೆದರೆ ಜನರೇಟರು, ಬಲಕ್ಕೆ ಎಳೆದರೆ ಸರ್ಕಾರ. ಮೇಲ್ಗಡೆ ಒಂದು ಪುಟ್ಟ ಕೆಂಪು ಬಲ್ಬು. ಸರ್ಕಾರದ ಕರೆಂಟು ಬಂದರೆ ಅದು ಹೊತ್ತಿಕೊಳ್ಳುತ್ತದೆ. ಹೊತ್ತಿದ್ದೇ ತಡ, ಯಾರ ಕೈ ಹತ್ತಿರವಿದೆಯೋ ಅವರು ಹಿಡಿಯನ್ನು ಬಲಕ್ಕೆ ಎಳೆಯುತ್ತಾರೆ. ಅದಕ್ಕೆ ಯೋಚನೆ ಬೇಕಿಲ್ಲ. ನೊಣ ಓಡಿಸಿದ ಹಾಗೆ ಕೈ ತಾನೇ ಹೋಗುತ್ತದೆ. ಎಳೆಯುವಾಗ ಮಾತ್ರ ದೀಪವೆಲ್ಲ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಬ್ಯಾಟರಿ ಇಲ್ಲದ ಕಂಪ್ಯೂಟರಿಗೆ ಅಷ್ಟೇ ಸಾಕು.

ಕರೆಂಟು ಹೋಗುವುದರ ವಿರುದ್ಧ ಎಲ್ಲ ಏರ್ಪಾಡು ಮಾಡಿದ್ದೆವು. ಬರುವುದರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಮೂರು ದಿನದಿಂದ ಅದರ ಸುಳಿವೇ ಇರಲಿಲ್ಲವಲ್ಲ.

ಸಿರ್ಪುಹಿ ಹೊಸ್ತಿಲ ಮೇಲೆ ಕೂತು ಕುಂಬಳಬೀಜ ಕಡಿಯುತ್ತಿದ್ದಳು. ಅವಳ ಬೆನ್ನ ಹಿಂದೆ ತುಂಬಿದ ಬಟ್ಟೆ ಒಗೆಯುವ ಯಂತ್ರ. ಅದು ಐದು ಆಂಪಿಯರಿಗೆ ತಿರುಗುವಂಥದ್ದಲ್ಲ. ಸರ್ಕಾರ ಕಣ್ಣು ಬಿಟ್ಟರೆ ಮಾತ್ರ. ಮೂರು ದಿನದ ಬಟ್ಟೆ ಸೋಪಿನ ನೀರಲ್ಲಿ ನೆನೆದು ನಾರುತ್ತಿತ್ತು.

ಮೇಲಿಂದ ನೂಬಾರನ ದನಿ ಕೇಳುತ್ತಿತ್ತು; ಒಂಟಿ ಕಿವಿ ಸಾಲದೆಂದು ಸ್ಪೀಕರನ್ನೂ ಹಚ್ಚಿದ್ದ. ನಡುಗುತ್ತಿರಲಿಲ್ಲ, ನಾನು ನಡುಗುತ್ತದೆ ಎಂದುಕೊಂಡಿದ್ದೆ. ಸಮುದ್ರ ದಾಟಿದ. ಇಳಿಯಲು ಅಪ್ಪಣೆ ಕೇಳಿದ. ಘಸ್ಸಾನ್ ಬೇಕೆಂದೇ ಒಂದು ಸುತ್ತು ಹಾಕಿಸಿದ. ಹಾಕಿದ. ಮತ್ತೆ ಕೇಳಿದ. ಕೊನೆಗೆ ಅಪ್ಪಣೆ ಸಿಕ್ಕಿತು. ಎಡಕ್ಕೆ ಬೈರೂತು, ಮುಂದೆ ರನ್‌ವೇ.

ಆಗ ಬೀದಿಯ ಆ ತುದಿಯಿಂದ ಕೂಗು ಎದ್ದಿತು. "ಬಂತು! ಬಂತು!" ಬಾಲ್ಕನಿಯಿಂದ ಬಾಲ್ಕನಿಗೆ ಹಾರಿಬಂತು. ನಮ್ಮ ತಲೆಯ ಮೇಲೆ ಕೆಂಪು ಬಲ್ಬು ಹೊತ್ತಿತು.

ಕತ್ತರಿಸಿದ ಕಿವಿಯ ಕಡೆಯಿಂದ ನೂಬಾರನಿಗೂ ಅದು ಕೇಳಿಸಿರಬೇಕು. "ಮುಟ್ಟಬೇಡೀ!" ಎಂದು ಅರಚಿದ. "ಹಿಡಿ ಮುಟ್ಟಬೇಡೀ!"

ಕ್ರಿಕೋರನ ಕೈ ಆಗಲೇ ಎದ್ದಿತ್ತು. ಪಾಪ, ಅವನ ತಪ್ಪಲ್ಲ, ಕೈಯದು. ಸಿರ್ಪುಹಿಯ ಚಪ್ಪಲಿ ಅವನ ಮಣಿಕಟ್ಟಿಗೆ ಬಿತ್ತು. ತವ್ಲಿಯ ಕಾಯಿಗಳು ಮೆಟ್ಟಿಲಿಳಿದು ಉರುಳಿದವು. ಅವಳು ಎದ್ದು ಬಂದು ಹಿಡಿಗೆ ಬೆನ್ನು ಕೊಟ್ಟು ನಿಂತಳು. ಸುತ್ತಲ ಮನೆಗಳಲ್ಲಿ ಯಂತ್ರಗಳು ಗುಡುಗಲು ಶುರುವಾದವು. ಅವಳ ಮುಖ ನೋಡಿದೆ. ಕರುಣೆಯ ಸುಳಿವೂ ಇರಲಿಲ್ಲ.

"ಇಳಿದ್ಯೇನೋ?"

"ಇನ್ನೂ ಇಲ್ಲ!"

"ಬೇಗ ಇಳಿಯೋ ಶನಿ! ಎಷ್ಟು ಹೊತ್ತಿರುತ್ತೋ ಏನೋ ಇದು!"

"ಅವಸರ ಮಾಡಿದ್ರೆ ಕುಪ್ಪಳಿಸುತ್ತೆ ಅತ್ತಿಗೆ!"

"ಕುಪ್ಪಳಿಸಿದ್ರೆ ನಿನ್ನ ಹಲ್ಲು ನಾನೇ ಕೀಳ್ತೀನಿ, ಆ ಡಾಕ್ಟರು ಬೇಡ!"

ಮೇಲೆ ಸ್ಪೀಕರಿನಲ್ಲಿ ಚಕ್ರ ನೆಲಕ್ಕೆ ತಾಗಿದ ಸದ್ದು ಬಂತು. ಒಂದೇ ಸಲ. ಎಂಜಿನ್ನಿನ ಮೊರೆತ ಏರಿತು, ಇಳಿಯಿತು. ಘಸ್ಸಾನ್ ಏನಾದರೂ ಕೊಂಕು ಹುಡುಕುತ್ತಿದ್ದನೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಕೊನೆಗೆ ಹುಳಿ ತಿಂದವನ ದನಿಯಲ್ಲಿ, "ಬೈರೂತ್ ಏಳು, ನೆಲ ಮುಟ್ಟಿದ್ದೀರಿ" ಎಂದ.

ಸಿರ್ಪುಹಿ ತಿರುಗಿ ಹಿಡಿಯನ್ನು ಬಲಕ್ಕೆ ಎಳೆದಳು.

ಕೆಂಪು ಬಲ್ಬು ಆರಿತು. ಬೀದಿಯ ಯಂತ್ರಗಳೆಲ್ಲ ಒಟ್ಟಿಗೆ ಸತ್ತವು. ಸರ್ಕಾರ ಬಂದ ದಾರಿಯಲ್ಲೇ ಹೋಗಿತ್ತು.

ನಾನು ನಗು ತಡೆಯಲು ಗೋಡೆ ಕಡೆ ತಿರುಗಿದೆ. ಕ್ರಿಕೋರ್ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕಾಯಿ ಹುಡುಕುವ ನೆಪದಲ್ಲಿ ಕೆಳಗಿಳಿದುಹೋದ. ಸಿರ್ಪುಹಿ ಹಿಡಿಯನ್ನು ಮತ್ತೆ ಎಡಕ್ಕೆ ತಂದು ಒಳಗೆ ಹೋದಳು. ನೀರು ಸುರಿಯುವ ಸದ್ದು ಕೇಳಿಸಿತು. ಹೊರಬಂದಾಗ ಕೈಯಲ್ಲಿ ದೊಡ್ಡ ಬುಟ್ಟಿ, ಅದರ ತುಂಬ ನಾರುವ ಒದ್ದೆ ಬಟ್ಟೆ. ಮೆಟ್ಟಿಲುದ್ದಕ್ಕೂ ನೊರೆ ಸುರಿಸುತ್ತ ಮೂರನೇ ಮಹಡಿ ಹತ್ತಿದಳು. ನಾನೂ ಹಿಂದೆ ಹೋದೆ. ಇಂಥದ್ದು ನೋಡದೆ ಬಿಡುವವನಲ್ಲ.

ನೂಬಾರ್ ಎದ್ದು ನಿಂತಿದ್ದ. ಒಂಟಿ ಕಿವಿಯ ಹೆಡ್‌ಫೋನು ಕುತ್ತಿಗೆಗೆ ಜಾರಿತ್ತು. ಹಲ್ಲು ಬಿಟ್ಟಿದ್ದ. "ಅತ್ತಿಗೆ, ಏಳು ನನ್ನದೇ..." ಎಂದು ಶುರುಮಾಡಿದ.

ಅವಳು ಒಂದು ಕೈ ಮೇಲೆತ್ತಿದಳು. ಅವನು ಬಾಯಿ ಮುಚ್ಚಿದ.

ಬುಟ್ಟಿಯನ್ನು ಅವನ ಕಾಲಬುಡಕ್ಕೆ ಸುರಿದಳು. ಅಣ್ಣನ ಒಳಚಡ್ಡಿಗಳು, ಮೇಜುವಸ್ತ್ರ, ಎರಡು ಹಾಸಿಗೆ ಬಟ್ಟೆ.

"ಒಗಿ" ಎಂದಳು.

ಅವನು ತೋಳು ಮಡಿಸಿ ಸ್ನಾನದ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಗೆದ. ಕೆಟ್ಟದಾಗಿ ಒಗೆದ, ಮಾರನೇ ದಿನ ತಂತಿಯ ಮೇಲೆ ಸೋಪಿನ ಕಲೆ ಕಂಡ ಸಿರ್ಪುಹಿ ಇಡೀ ಬೀದಿಗೆ ಕೇಳುವಂತೆ ಬೈದಳು. ಶುಕ್ರವಾರದ ಬಟ್ಟೆ ಇವತ್ತಿಗೂ ಅವನದೇ. ಅದನ್ನು ಹಿಂಡಿ ಹಾಕಿ ಕೈ ಒರೆಸಿಕೊಂಡ ಮೇಲೆಯೇ ಮೇಲಿನ ಮನೆಯಲ್ಲಿ ಎಂಜಿನ್ನು ಶುರುವಾಗುತ್ತದೆ, ಕೆಳಗೆ ಇಸ್ತ್ರಿಪೆಟ್ಟಿಗೆ ತಣ್ಣಗಾಗುತ್ತದೆ. ಅವರಿಬ್ಬರೂ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಅವನನ್ನು ನಾನೂ ಮಾತಾಡಿಸುವುದಿಲ್ಲ. ಆವತ್ತು ಮೆಟ್ಟಿಲಿಳಿದು ಉರುಳಿ ಕಳೆದುಹೋದ ಎರಡು ತವ್ಲಿ ಕಾಯಿಗಳು ನನ್ನವು.