ಕೇಳದೆ ಕೊಟ್ಟ ಮಗು

ಕೀನ್ಯಾದಿಂದ ಹಾಸನಕ್ಕೆ ನರ್ಸಿಂಗ್ ಓದಲು ಬಂದಿದ್ದ ಎಸ್ತರ್, ಹಳ್ಳಿಮೈಸೂರಿನ ಆರೋಗ್ಯ ಶಿಬಿರಕ್ಕೆ ನನ್ನ ಜೊತೆ ಬಸ್ಸು ಹತ್ತುವಾಗಲೇ ಹೇಳಿದಳು: "ಮೇಟ್ರನ್, ಇಲ್ಲಿ ಎಲ್ಲರೂ ನನ್ನನ್ನು ನೋಡುತ್ತಾರೆ, ಯಾರೂ ಹತ್ತಿರ ಬರುವುದಿಲ್ಲ. ನಾನು ಊರಿಗೆ ಹೋಗಿಬಿಡುತ್ತೇನೆ."

ಮೊದಲು ನೀನೇ ಶಿಸ್ತಾಗಿ ಪರಿಚಯ ಹೇಳಿಕೊಳ್ಳಬೇಕು ಎಂದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಅದನ್ನೇ.

ಹೊಳೆನರಸೀಪುರದಲ್ಲಿ ಬಸ್ಸು ತುಂಬಿತು. ಸೀಟು ಸಿಗದ ಹೆಂಗಸೊಬ್ಬಳು ಕಂಕುಳಲ್ಲಿದ್ದ ಮಗುವನ್ನು ಸೀದಾ ಎಸ್ತರಳ ತೊಡೆ ಮೇಲೆ ಕೂರಿಸಿಬಿಟ್ಟಳು.

"ಒಂದು ಮಾತು ಕೇಳಬಾರದೇನಮ್ಮಾ?" ಎಂದೆ.

"ಕೇಳಕೇನೈತವ್ವ? ನಿಂತಿರೋರು ಕೊಡ್ತಾರೆ, ಕೂತಿರೋರು ಇಡ್ಕೋತಾರೆ. ನೀವೇನು ಈ ಕಡೆಯೋರಲ್ವಾ?"

ಬಸ್ಸೆಲ್ಲ ನಕ್ಕಿತು. ಎಸ್ತರ್ ಗಾಬರಿಯಿಂದ ಕೂತಿದ್ದಳು. ಮಗು ಮಾತ್ರ ಅವಳ ಸಣ್ಣ ಜಡೆಯೊಂದನ್ನು ಹಿಡಿದುಕೊಂಡು ನಿದ್ದೆ ಹೋಯಿತು. ಹಳ್ಳಿಮೈಸೂರಿನಲ್ಲಿ ಇಳಿಯುವಾಗ ಆ ತಾಯಿ ಎಸ್ತರಳ ಕೆನ್ನೆ ಸವರಿ, "ಬಾನುವಾರ ಮನೆಗ್ ಬಾರವ್ವ, ಮುದ್ದೆ ಉಣ್ಣೀವಂತೆ," ಎಂದಳು. ಅದನ್ನು ಇಂಗ್ಲಿಷಿನಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಎಸ್ತರ್ ಆಮೇಲೆ ವಾಪಸ್ ಹೋಗುವ ಮಾತೆತ್ತಲಿಲ್ಲ. ಭಾನುವಾರದ ಊಟ ಈಗ ಅವಳಿಗೆ ಹಳ್ಳಿಮೈಸೂರಿನಲ್ಲೇ.

ನಾನು ಆ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ. ನನ್ನ ತೊಡೆ ಮೇಲೆ ಯಾರೂ ಒಂದು ಹೂಕೋಸನ್ನೂ ಇಟ್ಟಿಲ್ಲ. ಗಂಜಿ ಹಾಕಿದ ಸೀರೆಗೆ ಜನ ಅಷ್ಟು ಮರ್ಯಾದೆ ಕೊಡುತ್ತಾರೆ.